ಪಂಪಿನ ಪುಸ್ತಕದಲ್ಲಿ ಎರಡು ಕಾಲಂ: ರೂಪಾಯಿಗೊಂದು, ಹೊಗೆಗೊಂದು

ಕಾಸರಗೋಡಿನ ಪೆರ್ಲ ಪೇಟೆಯಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ. ಶುರು ಮಾಡಿ 22 ವರ್ಷ ಆಯಿತು. ಜನವರಿಯ ಕುಂಬಳೆ ಬೆಡಿ (ದೇವಸ್ಥಾನದ ಜಾತ್ರೆಯ ಸಿಡಿಮದ್ದು) ಮುಗಿಯುವವರೆಗೆ ಬರುವುದು ಬರೀ ಮಿಕ್ಸಿ, ಫ್ಯಾನು. ಬೆಡಿ ಮುಗಿದು ಗುಡ್ಡೆಯ ಮುಳಿ ಹುಲ್ಲು ಒಣಗಿತೋ, ಅಲ್ಲಿಂದ ಮೇ ಕೊನೆಯ ಪತ್ತನಾಜೆಯವರೆಗೆ ಪಂಪುಗಳದ್ದೇ ಸಾಲು. ಜೀಪಿನಲ್ಲಿ, ರಿಕ್ಷಾದಲ್ಲಿ, ಸ್ಕೂಟರಿನ ಕಾಲಡಿಯಲ್ಲಿ ಬರುತ್ತವೆ. ತಂದವರು ಕೇಳುವುದು ಒಂದೇ: "ಇದು ಹೋಯಿತು ಭಾವ, ಹೊಸತು ಎಷ್ಟು ಎಚ್‌ಪಿದು ಹಾಕಲಿ?"

ನಾನು ತಿರುಗಿ ಕೇಳುತ್ತೇನೆ: "ದಿನಕ್ಕೆ ಎಷ್ಟು ಲೀಟರ್ ಬೇಕು? ಎಷ್ಟು ಎತ್ತರಕ್ಕೆ?" ಹತ್ತರಲ್ಲಿ ಒಂಬತ್ತು ಜನ ನನ್ನ ಮುಖ ನೋಡುತ್ತಾರೆ. "ಪಕ್ಕದ ತೋಟದಲ್ಲಿ ಐದು ಉಂಟು, ನಮಗೂ ಐದು ಕೊಡಿ" ಅನ್ನುತ್ತಾರೆ.

ಅವರನ್ನು ನಗುವ ಹಾಗಿಲ್ಲ. ನಾನೂ ಅದನ್ನೇ ಮಾಡಿದ್ದೆ. ಎಣ್ಮಕಜೆ ಪಂಚಾಯತಿನ ನನ್ನ ತೋಟದಲ್ಲಿ ಹೆಚ್ಚುಕಮ್ಮಿ 1,000 ಕಂಗು, ಅಂದರೆ ಅಡಿಕೆ ಮರ, ಉಂಟು. ತೋಡಿನ (ಸಣ್ಣ ಹಳ್ಳದ) ಬದಿಯ ಬಾವಿಗೆ 5 ಎಚ್‌ಪಿ ಮೊನೊಬ್ಲಾಕ್, ಅಂದರೆ ಮೋಟಾರೂ ಪಂಪೂ ಒಂದೇ ಆಗಿರುವುದು, ಇಟ್ಟಿದ್ದೆ. 2017ರ ಏಪ್ರಿಲ್, ಆ ಬರದ ವರ್ಷ. ಬಾವಿಯಲ್ಲಿ ನೀರು ಎರಡು ಗಂಟೆಗೆ ಮುಗಿಯಿತು. ನಾನು ಅಂಗಡಿಯಲ್ಲಿ ಯಾರದೋ ಮೋಟಾರು ಬಿಚ್ಚುತ್ತ ಕೂತಿದ್ದೆ. ನನ್ನ ಪಂಪು ನೀರಿಲ್ಲದೆ ತಿರುಗಿ, ಸೀಲು ಸುಟ್ಟು, ಕೊನೆಗೆ ವೈಂಡಿಂಗೂ ಕರಟಿತು. ಮೆಕ್ಯಾನಿಕ್ಕಿನ ಮೋಟಾರೇ ಸುಟ್ಟಿದೆ ಎಂದು ಊರಿಡೀ ಸುದ್ದಿ. ಆ ನಾಚಿಕೆಯಲ್ಲೇ ಒಂದು ಪುಸ್ತಕ ಇಟ್ಟೆ. ಮೊದಲು ರೂಪಾಯಿಯ ಕಾಲಂ ಮಾತ್ರ ಇತ್ತು. ಮಗಳು ಕಾಸರಗೋಡಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅವಳು ನೋಡಿ, "ಅಪ್ಪ, ಇದರ ಪಕ್ಕ ಕಾರ್ಬನ್ನೂ ಬರೆಯಿರಿ" ಅಂದಳು. ಇಂಗಾಲದ ಡೈ ಆಕ್ಸೈಡ್ ಎಂದು ಉದ್ದಕ್ಕೆ ಬರೆಯಲು ನನಗೆ ಬೇಸರ. "ಹೊಗೆ, ಕಿಲೋ" ಅಂತ ಬರೆದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ಎರಡು ಕಾಲಂ ಇಟ್ಟ ಮೇಲೆ ಒಂದು ವಿಷಯ ಗೊತ್ತಾಯಿತು. ಕೆಲವು ಕೆಲಸದಲ್ಲಿ ದುಡ್ಡೂ ಹೊಗೆಯೂ ಒಟ್ಟಿಗೆ ಇಳಿಯುತ್ತವೆ. ಕೆಲವು ಕಡೆ ಒಂದು ಇಳಿದರೆ ಇನ್ನೊಂದು ಏರುತ್ತದೆ. ಒಟ್ಟಿಗೆ ಇಳಿಯುವ ಕೆಲಸ ಮೊದಲು ಮುಗಿಸಬೇಕು. ಜಗಳಾಡುವಲ್ಲಿ ಮಾತ್ರ ಕೂತು ಯೋಚನೆ ಮಾಡಿದರೆ ಸಾಕು.

ಮೊದಲು ಅಳೆಯಿರಿ

ನೆನಪಿಡಬೇಕಾದ ಸಂಖ್ಯೆ ಒಂದೇ: 367. ಎಲ್ಲೂ ಚೂರೂ ಪೋಲಾಗದಿದ್ದರೆ ಒಂದು ಯೂನಿಟ್ ಕರೆಂಟು 1,000 ಲೀಟರ್ ನೀರನ್ನು 367 ಮೀಟರ್ ಎತ್ತುತ್ತದೆ. ಇದು ಭೂಮಿಯ ಸೆಳೆತದ ಲೆಕ್ಕ. ಎಷ್ಟು ದುಬಾರಿಯ ಪಂಪಾದರೂ ಇದನ್ನು ಮೀರುವುದಿಲ್ಲ. ನಮ್ಮ ತೋಟದ ಪಂಪು ಇದರ ಮೂರರಲ್ಲೊಂದು ಪಾಲು ಎತ್ತಿದರೆ ಸಾಧಾರಣ, ಅರ್ಧದ ಹತ್ತಿರ ಬಂದರೆ ಒಳ್ಳೆಯದು.

ನಿಮ್ಮದು ಎಷ್ಟು ಎತ್ತುತ್ತದೆ ಎಂದು ನೋಡಲು ಮೂರು ಸಾಮಾನು ಬೇಕು: 200 ಲೀಟರಿನ ಡ್ರಮ್ಮು, ಮೊಬೈಲಿನ ಸ್ಟಾಪ್‌ವಾಚು, ಒಂದು ಪ್ರೆಶರ್ ಗೇಜು. ಗೇಜು ದೊಡ್ಡ ಖರ್ಚಲ್ಲ. ಪಂಪಿನ ಡೆಲಿವರಿ ಪೈಪಿಗೆ, ಗೇಟ್ ವಾಲ್ವ್ ದಾಟಿದ ಮೇಲೆ ಒಂದು ಸ್ಯಾಡಲ್ ಹಾಕಿ ಕೂರಿಸಿ.

ಯಾವತ್ತಿನ ಹಾಗೆ ತೋಟಕ್ಕೆ ನೀರು ಬಿಡಿ. ಗೇಜು ಎಷ್ಟು ತೋರಿಸುತ್ತದೆ ನೋಡಿ. ನನ್ನ ಹಳೆಯ ಪಂಪಿನಲ್ಲಿ 4 ಕಿಲೋ ಇತ್ತು. ಒಂದು ಕಿಲೋ ಪ್ರೆಶರ್ ಅಂದರೆ 10 ಮೀಟರ್ ನೀರು, ಹಾಗಾಗಿ 40 ಮೀಟರ್. ಪಂಪಿನಿಂದ ಬಾವಿಯ ನೀರಿಗೆ 5 ಮೀಟರ್. ಎರಡನ್ನೂ ಕೂಡಿದರೆ 45. ಪಂಪು ಎತ್ತುತ್ತಿರುವ ನಿಜವಾದ ಎತ್ತರ ಇದು. ಬಾವಿಯ ನೀರಿನಿಂದ ಹಿಡಿದರೂ ಗುಡ್ಡೆಯ ಎತ್ತರ ಬರೀ 16 ಮೀಟರ್ ಆಗಿತ್ತು. ಉಳಿದದ್ದು ಎಲ್ಲಿ ಹೋಯಿತು? ಸ್ಪ್ರಿಂಕ್ಲರ್ ತಿರುಗಲು 15. ಇನ್ನುಳಿದ 14 ಮೀಟರನ್ನು ಪೈಪು ನುಂಗಿತು. ಅದರ ಕತೆ ಆಮೇಲೆ.

ಈಗ ಡ್ರಮ್ಮು. ಇಲ್ಲಿ ತುಂಬಾ ಜನ ತಪ್ಪುತ್ತಾರೆ. ಪೈಪು ಬಿಚ್ಚಿ ಸುಮ್ನೆ ಡ್ರಮ್ಮಿಗೆ ಬಿಟ್ಟರೆ ನೀರು ದಬದಬ ಬೀಳುತ್ತದೆ, ಪಂಪು ಭಾರೀ ಚಾಲಾಕಿ ಅಂತ ಕಾಣುತ್ತದೆ. ತೋಟದ ಒತ್ತಡ ಅದಕ್ಕೆ ಸಿಗಲೇ ಇಲ್ಲವಲ್ಲ! ಡ್ರಮ್ಮಿಗೆ ಹೋಗುವ ಪೈಪಿನ ತುದಿಯಲ್ಲೊಂದು ವಾಲ್ವ್ ಇಡಿ. ಗೇಜಿನ ಮುಳ್ಳು ಮೊದಲಿನ 4 ಕಿಲೋಗೇ ಬಂದು ನಿಲ್ಲುವಷ್ಟು ಅದನ್ನು ಮುಚ್ಚಿ. ಆಮೇಲೆ ಡ್ರಮ್ಮು ತುಂಬುವ ಸಮಯ ನೋಡಿ. ನನಗೆ 67 ಸೆಕೆಂಡ್ ಬಂತು. ಅಂದರೆ ಸೆಕೆಂಡಿಗೆ 3 ಲೀಟರ್, ಗಂಟೆಗೆ ಹತ್ತಿರ ಹತ್ತಿರ 10,800.

ಅದೇ ಹೊತ್ತಿಗೆ ಮನೆಯಲ್ಲಿ ಯಾರನ್ನಾದರೂ ಮೀಟರಿನ ಎದುರು ನಿಲ್ಲಿಸಿ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಸಣ್ಣ ಕೆಂಪು ದೀಪ ಮಿಣುಕುತ್ತದೆ. ಒಂದು ಯೂನಿಟಿಗೆ ಎಷ್ಟು ಮಿಣುಕು ಎಂದು ಮೀಟರಿನ ಮುಖದಲ್ಲೇ ಬರೆದಿರುತ್ತದೆ: 800, 1,600, 3,200, ಮೀಟರಿಗೊಂದು. ನನ್ನದು 800ರದ್ದು. ಹೆಂಡತಿ ಎಣಿಸಿ ಹೇಳಿದಳು, ನಿಮಿಷಕ್ಕೆ 50. ಗಂಟೆಗೆ 3,000 ಆಯಿತು. 800ರಿಂದ ಭಾಗಿಸಿದರೆ ಗಂಟೆಗೆ 3.75 ಯೂನಿಟ್. ಮೀಟರಿಗೆ ಬೇರೆ ಏನೂ ಹೊರೆ ಇಲ್ಲದಾಗ ಎಣಿಸಬೇಕು. ಮೊದಲ ಸಲ ನಾವು ಗ್ರೈಂಡರ್ ಹಾಕಿಕೊಂಡೇ ಎಣಿಸಿದ್ದೆವು.

ಇನ್ನು ಲೆಕ್ಕ. 10,800 ಲೀಟರಿಗೆ 3.75 ಯೂನಿಟ್, ಅಂದರೆ ಯೂನಿಟಿಗೆ 2,880 ಲೀಟರ್. ಅದನ್ನು 45ರಿಂದ ಗುಣಿಸಿ 3,67,000ದಿಂದ ಭಾಗಿಸಿ. ನೂರಕ್ಕೆ 35 ಬರುತ್ತದೆ. ನೂರರಲ್ಲಿ 65 ಪಾಲು ಕರೆಂಟು ಮೋಟಾರಿನ ಬಿಸಿಗೆ, ಪಂಪಿನ ಒಳಗಿನ ಗಲಾಟೆಗೆ ಹೋಯಿತು.

ಆಗ ದಿನಕ್ಕೆ 40,000 ಲೀಟರ್ ಬಿಡುತ್ತಿದ್ದೆ. 14 ಯೂನಿಟ್ ಬೇಕಾಗುತ್ತಿತ್ತು. ಬೇಸಿಗೆಯ 150 ದಿನಕ್ಕೆ 2,100 ಯೂನಿಟ್. ಹೊಗೆಯ ಕಾಲಂ ತುಂಬಲು ಒಂದು ದರ ಬೇಕು. ನಮ್ಮ ದೇಶದ ಗ್ರಿಡ್ಡಿನ ಲೆಕ್ಕವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಪ್ರಕಟಿಸುತ್ತದೆ. ಯೂನಿಟಿಗೆ 0.7 ಕಿಲೋ ಚಿಲ್ಲರೆ. 0.7 ಎಂದೇ ಹಿಡಿದರೂ 1,470 ಕಿಲೋ ಆಯಿತು.

"ನಮ್ಮದು ಕೇರಳ, ಇಡುಕ್ಕಿಯ ನೀರಿನ ಕರೆಂಟು, ಅದರಲ್ಲಿ ಹೊಗೆ ಎಲ್ಲಿಂದ?" ಎಂದು ಅಂಗಡಿಯಲ್ಲಿ ಒಬ್ಬರು ವಾದ ಮಾಡಿದರು. ಕೇರಳ ತನಗೆ ಬೇಕಾದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ತರುತ್ತದೆ. ಅದರಲ್ಲಿ ಕಲ್ಲಿದ್ದಲಿನದ್ದು ದೊಡ್ಡ ಪಾಲು. ಹೊಗೆ ನಮ್ಮ ಗುಡ್ಡೆಯಲ್ಲಿ ಕಾಣುವುದಿಲ್ಲ, ಅಷ್ಟೇ.

ಎತ್ತದ ನೀರು

ಪಂಪು ಬದಲಾಯಿಸುವ ಮೊದಲು ನೀರನ್ನು ಕಡಿಮೆ ಮಾಡಿ. ಅಂಗಡಿ ಇಟ್ಟುಕೊಂಡವನು ಹೀಗೆ ಹೇಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ. ಆದರೆ ಲೆಕ್ಕ ಹಾಗೆ ಹೇಳುತ್ತದೆ.

ಕಂಗಿಗೆ ಡ್ರಿಪ್ಪಿನಲ್ಲಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಎಂದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ನಾನು ಸ್ಪ್ರಿಂಕ್ಲರಿನಲ್ಲಿ ಮರಕ್ಕೆ 40 ಲೀಟರ್ ಬಿಡುತ್ತಿದ್ದೆ. ಅದರಲ್ಲಿ ಎಷ್ಟೋ ಪಾಲು ಮರದ ಬುಡಕ್ಕಲ್ಲ, ಮಧ್ಯದ ಕಳೆಗೆ, ಗಾಳಿಗೆ. ಸ್ಪ್ರಿಂಕ್ಲರಿನ ಮಳೆ ನೋಡಲು ಚಂದ ಎನ್ನುವುದು ಸತ್ಯ. ಮಧ್ಯಾಹ್ನದ ಸೆಕೆಗೆ ತೋಟದ ಒಳಗೆ ತಂಪಾಗುತ್ತದೆ, ಮನಸ್ಸಿಗೂ ಹಿತ. ಬಿಡಲು ನನಗೆ ಮೂರು ವರ್ಷ ಹಿಡಿಯಿತು.

ಡ್ರಿಪ್ಪಿನಲ್ಲಿ ಮರಕ್ಕೆ ಎರಡು ಡ್ರಿಪ್ಪರ್, ಒಂದೊಂದೂ ಗಂಟೆಗೆ 4 ಲೀಟರಿನದ್ದು. ಎರಡೂವರೆ ಗಂಟೆಗೆ 20 ಲೀಟರ್. ತೋಟಕ್ಕೆ ಒಟ್ಟು 20,000. ಮರದ ಸಾಲಿನಲ್ಲಿ ಹಾಸುವ ಲ್ಯಾಟರಲ್ ಪೈಪಿನ ಪ್ಲಾಸ್ಟಿಕ್ಕು ಸುಮಾರು 150 ಕಿಲೋ ಆಯಿತು. ಅದನ್ನು ತಯಾರಿಸುವಾಗ ಹೊರಟ ಹೊಗೆ ಅಂದಾಜು 300–400 ಕಿಲೋ. ಒಂದೇ ಬೇಸಿಗೆಯಲ್ಲಿ ಅದು ತೀರಿತು. ಮಧ್ಯೆ ಕೊಕ್ಕೋ ಇದ್ದವರು ಅದಕ್ಕೂ ಬೇರೆ ಡ್ರಿಪ್ಪರ್ ಕೊಡಬೇಕು, ಇಲ್ಲದಿದ್ದರೆ ಕೊಕ್ಕೋ ಬಾಡುತ್ತದೆ. ಇನ್ನೊಂದು ಕಿರಿಕಿರಿ: ಅಳಿಲು ಲ್ಯಾಟರಲನ್ನು ಕಚ್ಚಿ ತೂತು ಮಾಡುತ್ತದೆ, ಕಾಡುಹಂದಿ ಬಂದರೆ ಸಾಲಿಡೀ ಎಳೆದು ಹಾಕುತ್ತದೆ. ವಾರಕ್ಕೊಂದು ಸಲ ನೀರು ಬಿಟ್ಟುಕೊಂಡು ಸಾಲು ಸಾಲು ನಡೆಯದಿದ್ದರೆ ಡ್ರಿಪ್ ಹಾಕಿ ಪ್ರಯೋಜನ ಇಲ್ಲ.

ಬುಡಕ್ಕೆ ಸೋಗೆ, ಸೊಪ್ಪು ಮುಚ್ಚಿ. ಇದಕ್ಕೆ ಲೆಕ್ಕವೇ ಬೇಡ.

ಇನ್ನೊಂದು ಕಟ್ಟ. ನಮ್ಮ ತೋಡಿಗೆ ಹಿಂದೆ ಪ್ರತಿ ವರ್ಷ ಮಣ್ಣು, ಕಲ್ಲು ಹಾಕಿ ಕಟ್ಟ ಕಟ್ಟುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಅದು ನಿಂತುಹೋಗಿತ್ತು. ಈಗ ಮೂರು ಮನೆಯವರು ಸೇರಿ ನವೆಂಬರ್ ಕೊನೆಗೆ ಒಂದು ದಿನ ಕೆಲಸ ಮಾಡುತ್ತೇವೆ. ಕಲ್ಲು ಹಾಗೇ ಉಂಟು, ಮೇಲೆ ಪ್ಲಾಸ್ಟಿಕ್ ಹಾಳೆ. ಮಾರ್ಚಿನಲ್ಲಿ ನನ್ನ ಬಾವಿಯ ನೀರು ಮೊದಲಿಗಿಂತ ಒಂದೂವರೆ ಮೀಟರ್ ಮೇಲೆ ನಿಲ್ಲುತ್ತದೆ. ಆ ಒಂದೂವರೆ ಮೀಟರ್ ಎತ್ತುವ ಕರೆಂಟು ಬೇಸಿಗೆಗೆ 27 ಯೂನಿಟ್ ಅಷ್ಟೇ, ದೊಡ್ಡದಲ್ಲ. ಆದರೆ ಬಾವಿ ಬತ್ತುವುದಿಲ್ಲ. ಬಾವಿ ಬತ್ತದಿದ್ದರೆ ಬೋರ್ ಕೊರೆಯುವ ಯೋಚನೆ ಬರುವುದಿಲ್ಲ. ಬೋರ್ ಕೊರೆದರೆ 20 ಮೀಟರಿನ ಕೆಲಸ 80 ಮೀಟರ್ ಆಗುತ್ತದೆ. ಕಟ್ಟದ ಲಾಭವನ್ನು ಅಲ್ಲಿ ನೋಡಬೇಕು.

ಸುರಂಗ ಇದ್ದವರಿಗೆ ನನ್ನ ಲೆಕ್ಕದಲ್ಲಿ ಜಾಗವೇ ಇಲ್ಲ. ಮುರಕಲ್ಲಿನ ಗುಡ್ಡೆಯೊಳಗಿಂದ ನೀರು ತಾನಾಗಿ ಇಳಿದು ಬರುತ್ತದೆ. ಎರಡೂ ಕಾಲಂ ಸೊನ್ನೆ. ಗಡಿಯಾಚೆ ಕರ್ನಾಟಕದ ಕೇಪುವಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಗುಡ್ಡೆಯಲ್ಲಿ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಅಜ್ಜ ತೋಡಿಸಿದ ಸುರಂಗದಲ್ಲಿ ಈಗಲೂ ಜನವರಿ ಕೊನೆಯವರೆಗೆ ಮನೆಗೆ, ಹಟ್ಟಿಗೆ ನೀರು ಬರುತ್ತದೆ. ಹಳೆಯ ಸುರಂಗಕ್ಕೆ ಮಣ್ಣು ಬಿದ್ದಿದ್ದರೆ ತೆಗೆಸಿ. ಒಳಗೆ ಹೋಗುವ ಕೆಲಸ ಮಾತ್ರ ಗೊತ್ತಿರುವವರೇ ಮಾಡಬೇಕು.

ಪಂಪು: ಫಲಕ ಓದಿ

ನೀರು ಅರ್ಧ ಆಯಿತು, ಸ್ಪ್ರಿಂಕ್ಲರಿನ 15 ಮೀಟರ್ ಹೋಗಿ ಡ್ರಿಪ್ಪಿನ 10 ಬಂತು. ಫಿಲ್ಟರಿಗೆ 3 ಸೇರಿಸಿ. ಗುಡ್ಡೆಗೆ 16, ಪೈಪಿಗೆ 2 ಚಿಲ್ಲರೆ. ಒಟ್ಟು 31 ಮೀಟರ್. ಗಂಟೆಗೆ 8,000 ಲೀಟರ್. ಈ ಎರಡು ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಎಚ್‌ಪಿ ಕೇಳಬೇಡಿ. "31 ಮೀಟರಿಗೆ 8,000 ಲೀಟರ್ ಕೊಡುವ ಪಂಪು ತೋರಿಸಿ" ಅನ್ನಿ. ಪಂಪಿನ ಮೈಯ ಫಲಕದಲ್ಲಿ ಹೆಡ್ಡಿನ, ಅಂದರೆ ಎತ್ತುವ ಎತ್ತರದ, ವ್ಯಾಪ್ತಿ ಮೀಟರಿನಲ್ಲಿ ಬರೆದಿರುತ್ತದೆ. ನಿಮ್ಮ ಸಂಖ್ಯೆ ಆ ವ್ಯಾಪ್ತಿಯ ನಡುವೆ ಬರಬೇಕು, ತುದಿಯಲ್ಲಲ್ಲ. 20–40 ಇದ್ದರೆ 31ಕ್ಕೆ ಚೆನ್ನ. 30–60ರ ಪಂಪು ತಂದು ವಾಲ್ವ್ ಅರ್ಧ ಮುಚ್ಚಿ ಓಡಿಸುವುದು ಬ್ರೇಕ್ ಒತ್ತಿಕೊಂಡೇ ಜೀಪು ಬಿಟ್ಟ ಹಾಗೆ.

ನನಗೆ 2 ಎಚ್‌ಪಿ ಸಾಕಾಯಿತು. ಬಿಇಇ ಸ್ಟಾರ್, ಅಂದರೆ ಕರೆಂಟು ಉಳಿತಾಯದ ಸರಕಾರಿ ಗುರುತು, ಇರುವುದನ್ನು ತಂದೆ. ಸ್ಟಾರ್ ಇಲ್ಲದ್ದಕ್ಕಿಂತ ಮೂರು ಸಾವಿರ ಚಿಲ್ಲರೆ ಜಾಸ್ತಿ ಕೊಟ್ಟೆ. ಅಳೆದಾಗ ನೂರಕ್ಕೆ 45 ಬಂತು. ಇದೇ ಕೆಲಸವನ್ನು 35ರ ಪಂಪು ಮಾಡಿದ್ದರೆ ಬೇಸಿಗೆಗೆ 160 ಯೂನಿಟ್ ಜಾಸ್ತಿ ಬೇಕಿತ್ತು, 112 ಕಿಲೋ ಹೊಗೆ. ಮೂರು ಸಾವಿರಕ್ಕೆ ಪ್ರತಿ ವರ್ಷ 112 ಕಿಲೋ. ಈ ಸಂಖ್ಯೆ ನೆನಪಿಡಿ, ಪೈಪಿನ ಹತ್ತಿರ ಬೇಕಾಗುತ್ತದೆ.

ಈಗ ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕಿಕೊಳ್ಳುವ ಮಾತು. ಸುಟ್ಟ ಮೋಟಾರನ್ನು ಒಂದು ಸಲ ಸರಿಯಾಗಿ ರಿವೈಂಡಿಂಗ್ ಮಾಡಿಸಿ, ತೊಂದರೆ ಇಲ್ಲ. ಅದೇ ದಪ್ಪದ ತಾಮ್ರದ ತಂತಿ, ಅಷ್ಟೇ ಸುತ್ತು ಹಾಕಬೇಕು. ತೆಳು ತಂತಿ ಹಾಕಿದರೆ ಅಗ್ಗ, ಆದರೆ ಮೋಟಾರು ಬಿಸಿ. ಹಳೆಯ ತಂತಿ ತೆಗೆಯಲು ಸ್ಟೇಟರನ್ನು (ಮೋಟಾರಿನ ತಿರುಗದ ಭಾಗವನ್ನು) ಬೆಂಕಿಗೆ ಹಾಕಿ ಸುಡುವವರೂ ಇದ್ದಾರೆ. ಹಾಗೆ ಮಾಡಿದರೆ ಒಳಗಿನ ತಗಡಿನ ಪದರ ಕೆಡುತ್ತದೆ, ಆಮೇಲೆ ಆ ಮೋಟಾರು ಜೀವನಪೂರ್ತಿ ಜಾಸ್ತಿ ಕರೆಂಟು ಎಳೆಯುತ್ತದೆ. ಮೂರನೇ ಸಲ ಸುಟ್ಟ ಮೋಟಾರನ್ನು ತಂದವರಿಗೆ ನಾನು "ಗುಜರಿಗೆ ಕೊಡಿ" ಅನ್ನುತ್ತೇನೆ.

ಬಾವಿಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನ ಬಲೆಗೆ ಎಲೆ ಸಿಕ್ಕಿದೆಯಾ ನೋಡಿ. ಮಾರ್ಚಿನಲ್ಲಿ ನೀರು ಇಳಿದಾಗ ಮೊನೊಬ್ಲಾಕನ್ನು ಬಾವಿಯ ಕೆಳಗಿನ ಪಡಿಗೆ ಇಳಿಸಿ. ಹೀರುವ ಎತ್ತರ ಆರೇಳು ಮೀಟರ್ ದಾಟಿದರೆ ಪಂಪು ಒದ್ದಾಡುತ್ತದೆ. ನೀರು ಮುಗಿದರೆ ತಾನೇ ನಿಲ್ಲುವ ಡ್ರೈ ರನ್ ಕಟ್ ಹಾಕಿಸಿ. ನನಗೆ ಅದು 2017ರಲ್ಲಿ ಇರಲಿಲ್ಲ.

ಪೈಪು: ಜಗಳ ಶುರುವಾಗುವುದು ಇಲ್ಲಿ

ಬಾವಿಯಿಂದ ತೋಟದ ತಲೆಗೆ ನನಗೆ 200 ಮೀಟರ್ ಪೈಪು. ಹಳೆಯದು 50 ಮಿಲಿಮೀಟರಿನದ್ದು, ನಾವು ಒಂದೂವರೆ ಇಂಚು ಅನ್ನುವುದು. ಸೆಕೆಂಡಿಗೆ 3 ಲೀಟರ್ ದೂಡಿದಾಗ ಆ 200 ಮೀಟರಿನಲ್ಲಿ 14 ಮೀಟರ್ ಹೆಡ್ ಹೋಗುತ್ತಿತ್ತು. ಗುಡ್ಡೆ 16, ಪೈಪು 14! ಇನ್ನೊಂದು ಗುಡ್ಡೆಯನ್ನೇ ಪೈಪಿನ ಒಳಗೆ ಇಟ್ಟುಕೊಂಡಿದ್ದೆ.

ಪೈಪಿನ ಒಳಗಿನ ತಿಕ್ಕಾಟ ಅಗಲಕ್ಕೆ ತಕ್ಕ ಹಾಗೆ ಸುಮ್ಮನೆ ಅರ್ಧ, ಕಾಲು ಎಂದು ಇಳಿಯುವುದಿಲ್ಲ. ಅಗಲ ಸ್ವಲ್ಪ ಜಾಸ್ತಿ ಮಾಡಿದರೂ ತಿಕ್ಕಾಟ ಧಡಕ್ಕನೆ ಬೀಳುತ್ತದೆ. ಡ್ರಿಪ್ಪಿನ ಹರಿವಿಗೆ, ಅಂದರೆ ಗಂಟೆಗೆ 8,000 ಲೀಟರಿಗೆ, ನನ್ನ 200 ಮೀಟರಿನಲ್ಲಿ ಹೀಗೆ ಬಂತು: 50ರ ಪೈಪಿಗೆ ಸುಮಾರು 8 ಮೀಟರ್. 63ಕ್ಕೆ 2.4. 75ಕ್ಕೆ 1. 90ಕ್ಕೆ ಅರ್ಧವೂ ಇಲ್ಲ.

50ರಿಂದ 63ಕ್ಕೆ ಹೋಗುವುದರಲ್ಲಿ ಯೋಚನೆಯೇ ಬೇಡ. ಬೇಸಿಗೆಗೆ ನೂರು ಯೂನಿಟ್ ಉಳಿತಾಯ, 70 ಕಿಲೋ ಹೊಗೆ ಕಡಿಮೆ. ಪಂಪೂ ಒಂದು ಅಳತೆ ಚಿಕ್ಕದು ಸಾಕಾಗುತ್ತದೆ.

63ರಿಂದ 75ಕ್ಕೆ ಹೋಗಬೇಕಾ? 6 ಕಿಲೋ ಪ್ರೆಶರ್ ತಡೆಯುವ ಕ್ಲಾಸಿನ ಪೈಪಿನಲ್ಲಿ 200 ಮೀಟರಿಗೆ 48 ಕಿಲೋ ಪಿವಿಸಿ ಜಾಸ್ತಿ. ನನಗೆ ಹೇಳಿದ ದರದಲ್ಲಿ 7,000 ರೂಪಾಯಿ ಚಿಲ್ಲರೆ. ಒಂದು ಕಿಲೋ ಪಿವಿಸಿ ಮಾಡಲು ಎರಡರಿಂದ ಮೂರು ಕಿಲೋ ಹೊಗೆ ಹೋಗುತ್ತದೆ ಎಂದು ಹಿಡಿದರೆ ಸುಮಾರು 120 ಕಿಲೋ. ಉಳಿಯುವುದು ವರ್ಷಕ್ಕೆ 25 ಯೂನಿಟ್, 18 ಕಿಲೋ. ಹೊಗೆಯ ಕಾಲಮ್ಮಿನಲ್ಲಿ ಏಳು ವರ್ಷಕ್ಕೆ ಸರಿಯಾಗುತ್ತದೆ. ಹೂತಿಟ್ಟ ಪಿವಿಸಿ ಅದಕ್ಕಿಂತ ಎಷ್ಟೋ ಜಾಸ್ತಿ ಬಾಳುತ್ತದೆ, ಹಾಗಾಗಿ ಹೊಗೆ "ಹಾಕು" ಅನ್ನುತ್ತದೆ. ರೂಪಾಯಿಯ ಕಾಲಂ? ಕೃಷಿ ದರ ಯೂನಿಟಿಗೆ ಮೂರು ರೂಪಾಯಿಯೂ ಇಲ್ಲ. ವರ್ಷಕ್ಕೆ 75 ರೂಪಾಯಿ ಉಳಿಸಲು 7,000 ಹಾಕುವುದು. ಕೃಷಿ ಭವನದ ಮೂಲಕ ಉಚಿತ ಕರೆಂಟು ಸಿಗುವವರಿಗಂತೂ ಉಳಿತಾಯ ಸೊನ್ನೆ. ರೂಪಾಯಿ "ಬೇಡವೇ ಬೇಡ" ಅನ್ನುತ್ತದೆ.

90ರ ಪೈಪು ನನ್ನ ತೋಟಕ್ಕೆ ರೂಪಾಯಿಯಲ್ಲಿ ನಷ್ಟ, ಹೊಗೆಯಲ್ಲೂ ಲಾಭ ಬಲು ದೂರ. ಅದರ ಪ್ಲಾಸ್ಟಿಕ್ಕಿನ ಹೊಗೆ ತೀರಲು 24 ವರ್ಷ ಬೇಕು.

75ರ ಹತ್ತಿರ ನಾನು ಒಂದು ವಾರ ಕೂತೆ. ಕೊನೆಗೆ ಹೀಗೆ ಕೇಳಿಕೊಂಡೆ: ಇದೇ 7,000 ರೂಪಾಯಿಯನ್ನು ಬೇರೆ ಎಲ್ಲಿ ಹಾಕಿದರೆ ಜಾಸ್ತಿ ಹೊಗೆ ಉಳಿಯುತ್ತದೆ? ಸ್ಟಾರ್ ಪಂಪಿನಲ್ಲಿ ಮೂರು ಸಾವಿರಕ್ಕೆ ವರ್ಷಕ್ಕೆ 112 ಕಿಲೋ ಸಿಕ್ಕಿತು. ಪೈಪಿನಲ್ಲಿ ಏಳು ಸಾವಿರಕ್ಕೆ 18. ಹಾಗಾದರೆ ಪೈಪು 63ರಲ್ಲಿ ನಿಲ್ಲಲಿ ಅಂದೆ. ಉಳಿದ ದುಡ್ಡಿನಲ್ಲಿ ಪಂಪು, ಗೇಜು, ಕಟ್ಟದ ಹಾಳೆ ಆಯಿತು. ನೀವೂ ಪ್ರತಿ ಕೆಲಸದ ಪಕ್ಕ "ಒಂದು ಕಿಲೋ ಉಳಿಸಲು ಎಷ್ಟು ರೂಪಾಯಿ" ಎಂದು ಬರೆಯಿರಿ. ಅಗ್ಗದ್ದರಿಂದ ಶುರು ಮಾಡಿ, ಕೈಯಲ್ಲಿ ದುಡ್ಡು ಮುಗಿದಲ್ಲಿ ನಿಲ್ಲಿಸಿ.

ಹೊಳೆಬದಿಯ ಭಾವನ ಲೆಕ್ಕ ಬೇರೆಯೇ. ಅವನಲ್ಲಿಗೆ ಕರೆಂಟು ಲೈನು ಹೋಗಿಲ್ಲ, ಡೀಸೆಲ್ ಪಂಪು. ನನ್ನ ಹಳೆಯ ಹಾಗೇ ಸ್ಪ್ರಿಂಕ್ಲರ್, ದಿನಕ್ಕೆ 40,000 ಲೀಟರ್, 200 ಮೀಟರ್ 63ರ ಪೈಪು. ಅವನು 75 ಹಾಕಿದರೆ ಬೇಸಿಗೆಗೆ 24 ಲೀಟರ್ ಡೀಸೆಲ್ ಉಳಿಯುತ್ತದೆ. ಲೀಟರಿಗೆ 95 ರೂಪಾಯಿ ಹಿಡಿದರೂ 2,280 ರೂಪಾಯಿ. ಮೂರು ವರ್ಷದಲ್ಲಿ ಪೈಪಿನ ಹಣ ಬಂತು. ಲೀಟರ್ ಡೀಸೆಲ್ ಉರಿದರೆ 2.7 ಕಿಲೋ ಹೊಗೆ, ಹಾಗಾಗಿ 65 ಕಿಲೋ. ಎರಡು ವರ್ಷದಲ್ಲಿ ಅದೂ ಸರಿಯಾಯಿತು. ಡೀಸೆಲಿನವನಿಗೆ ಎರಡೂ ಕಾಲಂ ಒಂದೇ ಮಾತು ಹೇಳುತ್ತವೆ. ಕರೆಂಟು ಅಗ್ಗವಾದ ನಮಗೆ ಮಾತ್ರ ಈ ಜಗಳ.

"ನನಗೂ ಕರೆಂಟು ಸಿಕ್ಕಿದರೆ ಹೊಗೆ ಕಮ್ಮಿ ಆಗುತ್ತದಲ್ವಾ?" ಎಂದು ಭಾವ ಕೇಳಿದ. ದುಡ್ಡು ಖಂಡಿತ ಕಮ್ಮಿ. ಹೊಗೆ ಅಷ್ಟು ಸುಲಭ ಅಲ್ಲ. ಒಳ್ಳೆಯ ಡೀಸೆಲ್ ಇಂಜಿನು ಲೀಟರಿಗೆ 3 ಯೂನಿಟಿನಷ್ಟು ಕೆಲಸ ಕೊಡುತ್ತದೆ, ಅಂದರೆ ಯೂನಿಟಿಗೆ 0.9 ಕಿಲೋ ಹೊಗೆ. ಗ್ರಿಡ್ಡಿನ ಕರೆಂಟು ಮೋಟಾರಿನ ನಷ್ಟ ಕಳೆದು ಶಾಫ್ಟಿಗೆ ಬರುವಾಗ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ. ನನಗೂ ಮೊದಲು ನಂಬಿಕೆ ಬರಲಿಲ್ಲ, ಎರಡು ಸಲ ಲೆಕ್ಕ ಮಾಡಿದೆ. ಹಳೆಯ, ಕಪ್ಪು ಹೊಗೆ ಉಗುಳುವ ಇಂಜಿನಾದರೆ ಕರೆಂಟೇ ಮೇಲು. ಸಣ್ಣ ಸೀಮೆಎಣ್ಣೆ ಪಂಪಂತೂ ಎಲ್ಲದಕ್ಕಿಂತ ಕೆಟ್ಟದ್ದು.

ಟ್ಯಾಂಕಿ, ಸೋಲಾರು

ಗುಡ್ಡೆಯ ತಲೆಯಲ್ಲಿ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಮಾಡಿ ಅಲ್ಲಿಗೆ ನೀರೆತ್ತುವುದು ಈಗ ನಮ್ಮಲ್ಲಿ ಜಾಸ್ತಿ. ಎತ್ತಿದ ನೀರು ತಾನೇ ಇಳಿಯುತ್ತದೆ, ಹೌದು. ಆದರೆ ಡ್ರಿಪ್ಪಿಗೆ ಬೇಕಾದ್ದು 10 ಮೀಟರ್, ಫಿಲ್ಟರಿಗೆ ಇನ್ನು ಮೂರು. ಹೊಂಡ ತೋಟದಿಂದ 30 ಮೀಟರ್ ಮೇಲಿದ್ದರೆ 17 ಮೀಟರ್ ಸುಮ್ನೆ ಎತ್ತಿ ಸುಮ್ನೆ ಇಳಿಸಿದ ಹಾಗೆ. ಜಾಗ ನೋಡುವಾಗ ಗುಡ್ಡೆಯ ತುದಿ ನೋಡಬೇಡಿ, 13–15 ಮೀಟರ್ ಮೇಲಿನ ತಟ್ಟು ಹುಡುಕಿ.

ಸೋಲಾರಿಗೆ ಕೇಂದ್ರದ ಪಿಎಂ-ಕುಸುಮ್ ಸಹಾಯಧನ ಯೋಜನೆ 2019ರಲ್ಲಿ ಶುರುವಾಯಿತು. ಅದರ ಮೂಲ ನಿಯಮದಲ್ಲಿ ಖರ್ಚಿನ ನೂರರಲ್ಲಿ ಕೇಂದ್ರದ್ದು 30, ರಾಜ್ಯದ್ದು 30, ಉಳಿದದ್ದು ರೈತನದ್ದು. ನಮ್ಮಲ್ಲಿ ಕೇರಳ ಸರಕಾರದ ಸಂಸ್ಥೆ ಅನೆರ್ಟ್ ನೋಡಿಕೊಳ್ಳುತ್ತದೆ. ಆದರೆ ಅರ್ಜಿ ಹಾಕುವ ಮೊದಲು ಮೇಲಿನ ಕೆಲಸ ಮುಗಿಸಿ. 5 ಎಚ್‌ಪಿಗೆ ಪ್ಯಾನಲ್ ಹಾಕಿದ ಮೇಲೆ 2 ಎಚ್‌ಪಿ ಸಾಕೆಂದು ಗೊತ್ತಾದರೆ ಏನು ಮಾಡುತ್ತೀರಿ?

ಇನ್ನೊಂದು, ನಾವು ನೀರು ಬಿಡುವುದು ಐದು ತಿಂಗಳು ಮಾತ್ರ. ಒಂದು ಕಿಲೋವ್ಯಾಟ್ ಪ್ಯಾನಲ್ ತಯಾರಿಸಲು ಅಂದಾಜು ಒಂದರಿಂದ ಎರಡು ಟನ್ ಹೊಗೆ. ನನ್ನ 2 ಎಚ್‌ಪಿಗೆ 2 ಕಿಲೋವ್ಯಾಟ್ ಹಾಕಿದರೆ ಎರಡರಿಂದ ನಾಲ್ಕು ಟನ್. ಪಂಪಿಗೆ ಈಗ ಬೇಕಾದ್ದು ವರ್ಷಕ್ಕೆ 560 ಯೂನಿಟ್, ಹೊಗೆ 390 ಕಿಲೋ. ಪಂಪಿಗೆ ಮಾತ್ರ ಓಡುವ ಪ್ಯಾನಲ್ ಐದರಿಂದ ಹತ್ತು ವರ್ಷ ತನ್ನ ಸಾಲವನ್ನೇ ತೀರಿಸುತ್ತಿರುತ್ತದೆ. ಅದೇ ಪ್ಯಾನಲನ್ನು ಗ್ರಿಡ್ಡಿಗೆ ಜೋಡಿಸಿದರೆ ವರ್ಷವಿಡೀ ಕರೆಂಟು ಕೊಡುತ್ತದೆ. ಆಟಿ ತಿಂಗಳ ಮಳೆಮೋಡದಲ್ಲಿ ಕಡಿಮೆ ಬಂದರೂ ಒಟ್ಟು 2,600 ಯೂನಿಟ್ ಹತ್ತಿರ. ಸಾಲ ಒಂದೆರಡು ವರ್ಷಕ್ಕೆ ತೀರಿತು. ಲೈನು ಇರುವವರು ಗ್ರಿಡ್ಡಿಗೆ ಜೋಡಿಸುವ ದಾರಿ ಹಿಡಿಯಿರಿ. ಲೈನಿಲ್ಲದ ಭಾವನಂಥವರಿಗೆ ಬಿಡಿ ಸೋಲಾರ್ ಪಂಪು ಸರಿ, ಡೀಸೆಲ್ ದುಡ್ಡೇ ಅದರ ಕಂತು ಕಟ್ಟುತ್ತದೆ. ಪ್ಯಾನಲಿಗೆ ಕಂಗಿನ ನೆರಳು ಬೀಳದ ಜಾಗ ಬೇಕು, ಅಂಗಳದ ಮಾಡು ಆಗಬಹುದು.

ಸೋಲಾರ್ ಇಲ್ಲದವರೂ ಹಗಲು ಹತ್ತರಿಂದ ಮೂರರ ಒಳಗೆ ಪಂಪು ಬಿಡಿ. ಆ ಹೊತ್ತಿಗೆ ಗ್ರಿಡ್ಡಿನಲ್ಲಿ ಬಿಸಿಲಿನ ಕರೆಂಟು ಇರುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಎಲ್ಲರ ಮನೆಯ ದೀಪ, ಫ್ಯಾನಿನ ಹೊರೆ, ವೋಲ್ಟೇಜೂ ಇಲ್ಲ. ವೋಲ್ಟೇಜ್ ಇಲ್ಲದಾಗ ಓಡಿಸಿದ ಮೋಟಾರುಗಳೇ ನನ್ನ ಅಂಗಡಿಗೆ ಬರುವುದು.

ಪತ್ತನಾಜೆ ಕಳೆದು ಮೊದಲ ಒಳ್ಳೆಯ ಮಳೆ ಬಿದ್ದ ದಿನ ಮೀಟರ್ ರೀಡಿಂಗ್ ಬರೆದಿಡಿ. ಲ್ಯಾಟರಲಿನ ತುದಿ ಬಿಚ್ಚಿ ಕೆಸರು ಹೋಗುವಷ್ಟು ನೀರು ಬಿಡಿ. ಫಿಲ್ಟರ್ ತೊಳೆದು ಒಣಗಿಸಿ. ತೋಡು ತುಂಬುವ ಮೊದಲು ಕಟ್ಟದ ಹಾಳೆ ಎಳೆದು, ಮಡಚಿ ಹಟ್ಟಿಯ ಅಟ್ಟಕ್ಕೆ ಹಾಕಿ. ಫುಟ್‌ವಾಲ್ವ್ ಮೇಲೆತ್ತಿ. ಮೊನೊಬ್ಲಾಕನ್ನು ಮೇಲಿನ ಪಡಿಗೆ ತಂದು, ಒಳಗಿನ ನೀರು ಖಾಲಿ ಮಾಡಿ ಗೋಣಿ ಮುಚ್ಚಿ. ಗೇಜನ್ನು ಮಾತ್ರ ಕಳಚಿ ಮನೆಯೊಳಗೆ ಇಡಿ. ನಾನು ಒಂದು ಮಳೆಗಾಲ ಅಲ್ಲೇ ಬಿಟ್ಟಿದ್ದೆ, ನವೆಂಬರಿನಲ್ಲಿ ನೋಡಿದರೆ ಗಾಜಿನ ಒಳಗೆ ಇರುವೆ ಗೂಡು ಕಟ್ಟಿತ್ತು.